ಆಫೀಸಿನ ಲ್ಯಾಪ್‌ಟಾಪಿನಲ್ಲಿ ಸ್ವಂತ ನೋಟ್ಸ್ ಆ್ಯಪ್ ಹಾಕಲು ಬಿಡುವುದಿಲ್ಲ, ನೀವೆಲ್ಲ ಏನು ಮಾಡ್ತೀರಿ?

ಕುಂಬಳೆ ಲೋಕಲ್

ಎಲ್ಲರಿಗೂ ನಮಸ್ಕಾರ. ಗಡಿಭಾಗದಲ್ಲಿ ಐಟಿ, ಬ್ಯಾಂಕು, ಶಾಲೆ ಅಂತ ಬೇರೆ ಬೇರೆ ಕಡೆ ಇರುವವರು ಇಲ್ಲಿ ತುಂಬ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಕುಂಬಳೆಯಿಂದ ಮಂಗಳೂರಿಗೆ ಟ್ರೈನಲ್ಲಿ ಹೋಗಿ ಬರುವವನು. ಒಂದು ಕಂಪೆನಿಯ ಸಪೋರ್ಟ್ ಟೀಮಿನಲ್ಲಿ ಕೆಲಸ. ಯಾವ ಎರರ್ ಬಂದರೆ ಎಲ್ಲಿ ನೋಡಬೇಕು, ಯಾವ ಲಾಗ್ (ಕಂಪ್ಯೂಟರಿನಲ್ಲಿ ಏನೇನು ನಡೆಯಿತು ಎಂಬ ದಾಖಲೆ) ಎಲ್ಲಿರುತ್ತದೆ, ಯಾವ ಕಮಾಂಡಿಗೆ ಏನು ಕಿರಿಕಿರಿ, ಎಲ್ಲ ಅಬ್ಸಿಡಿಯನ್ ಎಂಬ ಆ್ಯಪಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ನನ್ನ ಬುದ್ಧಿಯ ಮುಕ್ಕಾಲು ಭಾಗ ಅದರಲ್ಲೇ ಉಂಟು ಅಂದ್ರೆ ಸುಳ್ಳಲ್ಲ.

ಈಗ ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಅನುಮತಿ ಪಟ್ಟಿಯಲ್ಲಿ ಇಲ್ಲದ ಸಾಫ್ಟ್‌ವೇರ್ ಓಡುವುದೇ ಇಲ್ಲ. ಪೆನ್‌ಡ್ರೈವ್ ಬ್ಲಾಕ್. ನೋಷನ್, ಎವರ್‌ನೋಟ್, ಗೂಗಲ್ ಕೀಪ್ ಸೈಟುಗಳೂ ಬ್ಲಾಕ್. ಹಳೆ ಲ್ಯಾಪ್‌ಟಾಪಿನ ಡಾಕ್ಯುಮೆಂಟ್ಸ್ ಫೋಲ್ಡರನ್ನು ಐಟಿಯವರೇ ಇದಕ್ಕೆ ಹಾಕಿ ಕೊಟ್ಟರು. ಹಾಗಾಗಿ ನೋಟ್ಸ್ ಎಲ್ಲ ಬಂದಿದೆ, ತೆರೆಯುವ ಆ್ಯಪ್ ಇಲ್ಲ. ಕೇಳಿದರೆ "ಒನ್‌ನೋಟ್ ಉಂಟಲ್ಲ, ಅದರಲ್ಲಿ ಬರೆಯಿರಿ" ಅಂತಾರೆ.

ನನಗೆ ಒನ್‌ನೋಟ್ ಮೇಲೆ ದ್ವೇಷ ಏನಿಲ್ಲ. ಆದರೆ ನಾಳೆ ಕೆಲಸ ಬಿಟ್ಟರೆ ಅದರಲ್ಲಿ ಬರೆದದ್ದೆಲ್ಲ ಅಲ್ಲೇ ಉಳಿಯುತ್ತದೆ. ಜೊತೆಗೆ ಟ್ರೈನಲ್ಲಿ ಕೂತಾಗ ಫೋನಲ್ಲಿ ಓದುವ ಅಭ್ಯಾಸ ಬೇರೆ. ದಾರಿ ಏನಾದರೂ ಉಂಟಾ?

ಮಂಜೇಶ್ವರ ಮಳೆ

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡ ಮಾರಾಯ. ಸ್ಕ್ರೀನಿನ ಫೋಟೋ ತೆಗೆ, ಫೋನಿನಲ್ಲಿ ಇಟ್ಟುಕೋ. ಈಗ ಫೋಟೋದಿಂದಲೇ ಅಕ್ಷರ ತೆಗೆಯುವ ಸೌಕರ್ಯ ಎಲ್ಲ ಫೋನಿನಲ್ಲೂ ಉಂಟು.

ಹೊಸೂರು ಸಿಸ್ಟಮ್ಸ್

ಫೋಟೋ ಮಾತ್ರ ಬೇಡ ಸಾರ್, ದಯವಿಟ್ಟು. ಯಾಕೆ ಅಂತ ಹೇಳ್ತೀನಿ.

ನಾನು ಈ ಅನುಮತಿ ಪಟ್ಟಿ ಮಾಡುವ ಕಡೆಯವನು. ಬೈಯೋದಾದರೆ ನನ್ನನ್ನೇ ಬೈಯಿರಿ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಕಾರ್ಖಾನೆಯ ಐಟಿ ವಿಭಾಗದಲ್ಲಿದ್ದೇನೆ. ನಮ್ಮಲ್ಲೂ ಇದೇ ಜಗಳ ದಿನಾ.

ಮೊದಲು ನಿಮ್ಮ ತಕ್ಷಣದ ಸಮಸ್ಯೆ. ಅಬ್ಸಿಡಿಯನ್ ನಿಮ್ಮ ನೋಟ್ಸನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಆ್ಯಪ್ ಅಲ್ಲ. ಒಂದು ಫೋಲ್ಡರು, ಅದರೊಳಗೆ ಮಾರ್ಕ್‌ಡೌನ್ ಫೈಲುಗಳು, ಅಷ್ಟೇ. ಮಾರ್ಕ್‌ಡೌನ್ ಅಂದರೆ 2004 ರಲ್ಲಿ ಜಾನ್ ಗ್ರೂಬರ್ ಹೊರತಂದ ಸಾದಾ ಬರವಣಿಗೆ ಪದ್ಧತಿ. ಶೀರ್ಷಿಕೆಗೆ ಹ್ಯಾಶ್, ಪಟ್ಟಿಗೆ ಅಡ್ಡಗೆರೆ, ದಪ್ಪ ಅಕ್ಷರಕ್ಕೆ ಎರಡೆರಡು ನಕ್ಷತ್ರ. ಒಂದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ನೀವು ಬರೆದ ಪ್ರತಿ ಅಕ್ಷರ ಅಲ್ಲೇ ಇರುತ್ತೆ. ಫೈಲಿಂದ ಫೈಲಿಗೆ ಕೊಟ್ಟ ಕೊಂಡಿಗಳು ಜೋಡಿ ಚೌಕ ಕಂಸದಲ್ಲಿ ಕಾಣುತ್ತವೆ. ಒತ್ತಿದರೆ ಹೋಗುವುದಿಲ್ಲ, ಆದರೆ ಹೆಸರು ಓದಬಹುದು.

ಎರಡನೇದು, ನಾವು ಯಾಕೆ ಬಿಡುವುದಿಲ್ಲ ಅನ್ನೋದು. ಜನ ಅಂದುಕೊಳ್ಳೋದು ವೈರಸ್ ಭಯ ಅಂತ. ಅದೊಂದೇ ಅಲ್ಲ. ಅಬ್ಸಿಡಿಯನ್ ವಿಷಯದಲ್ಲಿ ನನ್ನ ದೊಡ್ಡ ತಲೆನೋವು ಪ್ಲಗಿನ್, ಅಂದರೆ ಆ್ಯಪಿಗೆ ಆಮೇಲೆ ಸೇರಿಸುವ ಸಣ್ಣ ಪ್ರೋಗ್ರಾಮ್. ಹೊರಗಿನ ಯಾರೋ ಬರೆದ ಕಮ್ಯುನಿಟಿ ಪ್ಲಗಿನ್‌ಗಳು ಸಾವಿರಗಟ್ಟಲೆ ಇವೆ. ಒಂದು ಪ್ಲಗಿನ್ ಹಾಕಿದರೆ ಅದು ನಿಮ್ಮ ಕಂಪ್ಯೂಟರಿನ ಫೈಲುಗಳನ್ನು ಓದಬಹುದು, ಇಂಟರ್ನೆಟ್ಟಿಗೆ ಹೋಗಬಹುದು, ಇನ್ನೊಂದು ಪ್ರೋಗ್ರಾಮನ್ನು ಹಾಕಬಹುದು. ಇದು ನಾನು ಹೇಳೋದಲ್ಲ, ಅಬ್ಸಿಡಿಯನ್‌ನವರ ಸ್ವಂತ ಸಹಾಯ ಪುಟದಲ್ಲೇ ಬರೆದಿದ್ದಾರೆ. ಅದಕ್ಕೇ ಮೊದಲಿಗೆ ಪ್ಲಗಿನ್‌ಗಳನ್ನು ತಡೆಯುವ ನಿರ್ಬಂಧಿತ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಆದರೆ ಒಂದು ಬಟನ್ ಒತ್ತಿದರೆ ತೆಗೆಯಬಹುದು. ನಾನೂರು ಜನ ಕೆಲಸ ಮಾಡುವ ಜಾಗದಲ್ಲಿ ಯಾರು ಆ ಬಟನ್ ಒತ್ತಿದರು ಅಂತ ನಾನು ಹಿಂದೆ ಹಿಂದೆ ಓಡಾಡಲಾ?

ಇನ್ನೊಂದು ಸಿಂಕ್. ನೋಟ್ಸ್ ಆ್ಯಪ್ ಅಂದ್ರೆ ಬಹುತೇಕ ಎಲ್ಲವೂ ಎಲ್ಲಿಗೋ ಒಂದು ಪ್ರತಿ ಕಳಿಸುತ್ತವೆ. ಅದು ಯಾವ ದೇಶದ ಯಾವ ಸರ್ವರು, ಪಾಸ್‌ವರ್ಡ್ ಯಾರ ಕೈಲಿ, ನೀವು ಕೆಲಸ ಬಿಟ್ಟ ಮೇಲೆ ಅಳಿಸೋದು ಯಾರು? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವನು ನಾನು. ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022 ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಕಣ್ಣಿಗೆ ಬಿದ್ದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ನೀವು ಸುಮ್ನೆ ಒಂದು ಫೋಟೋ ತೆಗೆದು ಫೋನಿಗೆ ಹಾಕಿಕೊಂಡಿರಿ, ಅದು ನಿಮ್ಮ ಸ್ವಂತ ಕ್ಲೌಡಿಗೆ ತಾನಾಗೇ ಹೋಯಿತು. ಅದರಲ್ಲಿ ಗ್ರಾಹಕರ ಹೆಸರು, ನಂಬರ್ ಇತ್ತು. ಈಗ ನನ್ನ ಲಾಗ್‌ನಲ್ಲಿ ಏನೂ ಇಲ್ಲ. ಹೊರಗೆ ಹೋದದ್ದು ನಿಜ, ಆದರೆ ಗೊತ್ತಾಗುವ ದಾರಿ ಇಲ್ಲ. ಇದಕ್ಕೇ ಫೋಟೋ ಬೇಡ ಅಂದದ್ದು.

ಮಂಜೇಶ್ವರ ಮಳೆ

ಸರಿ, ಫೋಟೋ ಬೇಡ. ಆದರೆ ನೀವು ಹೇಳುವುದು ನೋಡಿದರೆ ನೌಕರ ಏನೂ ಬರೆದಿಟ್ಟುಕೊಳ್ಳಲೇಬಾರದು ಅಂದ ಹಾಗೆ ಆಯ್ತು. ತಲೆಯಲ್ಲಿ ಇಟ್ಟುಕೊಂಡರೆ ಅದನ್ನೂ ಬ್ಲಾಕ್ ಮಾಡ್ತೀರಾ?

ಅತ್ತಿಬೆಲೆ ಬಸ್ಸು

ಮಳೆಯಣ್ಣ, ನಮ್ಮಲ್ಲಿ ಹೆಚ್ಚುಕಡಿಮೆ ಅದೇ ಪರಿಸ್ಥಿತಿ. 😄

ಮನೆ ಹೊಸೂರು, ಕೆಲಸ ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಬಿಪಿಒ. ಕಾರ್ಡ್ ಪಾವತಿ ಕರೆಗಳನ್ನು ನೋಡಿಕೊಳ್ಳುವ ಫ್ಲೋರ್. ಒಳಗೆ ಹೋಗುವ ಮೊದಲು ಫೋನ್ ಲಾಕರಿಗೆ. ಬ್ಯಾಗ್ ಲಾಕರಿಗೆ. ಪೆನ್ನು, ಹಾಳೆ ಇಲ್ಲವೇ ಇಲ್ಲ. ಕೈಯಗಲದ ಒಂದು ಬಿಳಿ ಸ್ಲೇಟು, ಒಂದು ಮಾರ್ಕರ್ ಕೊಡ್ತಾರೆ. ಕರೆ ನಡೆಯುವಾಗ ಬರೆದುಕೋ, ಕರೆ ಮುಗಿದ ಮೇಲೆ ಒರೆಸು. ಶಿಫ್ಟ್ ಮುಗಿಯುವಾಗ ಟೀಮ್ ಲೀಡ್ ಸ್ಲೇಟುಗಳನ್ನೆಲ್ಲ ನೋಡಿಕೊಂಡು ಹೋಗ್ತಾರೆ. ಬೆರಳ ತುದಿ ಯಾವಾಗಲೂ ನೀಲಿ.

ಅಲ್ಲಿ ನಾನು ಕಲಿತ ಉಪಾಯ ಒಂದೇ. ಸ್ಲೇಟಿನಲ್ಲಿ ಗ್ರಾಹಕರ ವಿಷಯ ಬರೀತೀನಿ, ಅದು ಒರೆಸಿ ಹೋಗುತ್ತೆ. ಕೆಲಸದ ವಿಷಯ, ಅಂದರೆ ಯಾವ ಬಗೆಯ ದೂರಿಗೆ ಹೇಗೆ ಮಾತು ಶುರುಮಾಡಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದನ್ನ ಬಸ್ಸಿನಲ್ಲಿ ವಾಪಸ್ ಬರುವಾಗ ಫೋನಿನಲ್ಲಿ ಬರೀತೀನಿ. ಅದರಲ್ಲಿ ಒಬ್ಬ ಗ್ರಾಹಕನ ಹೆಸರೂ ಇಲ್ಲ, ಒಂದು ನಂಬರೂ ಇಲ್ಲ. ಅದು ನನ್ನದು.

ಕುಂಬಳೆ ಲೋಕಲ್

ಹೊಸೂರು ಸಾರ್, ನೋಟ್‌ಪ್ಯಾಡಿನಲ್ಲಿ ತೆರೆದೆ. ಎಲ್ಲ ಉಂಟು! ಕನ್ನಡವೂ ಸರಿಯಾಗಿಯೇ ಬರುತ್ತದೆ. ಅರ್ಧ ಜೀವ ಬಂತು.

ಬಸ್ಸಣ್ಣ ಹೇಳಿದ್ದು ಚೆನ್ನಾಗಿ ಉಂಟು, ಆದರೆ ನನ್ನದರಲ್ಲಿ ಎರಡೂ ಕಲಸಿಹೋಗಿದೆ. ಒಂದೇ ಪುಟದಲ್ಲಿ ಮೇಲೆ ಎರರಿನ ಅರ್ಥ, ಕೆಳಗೆ ಸರ್ವರಿನ ಹೆಸರು, ನಡುವೆ ಗ್ರಾಹಕ ಕಂಪೆನಿಯ ಹೆಸರು. ಬೇರೆ ಮಾಡುವುದು ಹೇಗೆ?

ಜತ್ತದ ಕ್ಯಾಶ್ ಕೌಂಟರ್

ಕುಂಬಳೆಯವರೇ, ನಮ್ಮ ಬ್ಯಾಂಕಿನೊಳಗ ಬರ್ರಿ ಒಮ್ಮೆ, ನಿಮ್ಮ ಲ್ಯಾಪ್‌ಟಾಪ್ ಸ್ವರ್ಗ ಅನಿಸತದ.

ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯ ಒಂದು ಶಾಖೆಯಲ್ಲಿ ಇದ್ದೇನೆ. ಕೌಂಟರಿಗೆ ಬರುವವರು ಕನ್ನಡ, ಮರಾಠಿ, ಎರಡನ್ನೂ ಕಲಸಿದ ಮಾತು, ಎಲ್ಲ ಆಡುತ್ತಾರೆ. ಸುತ್ತೋಲೆ ಬರುವುದು ಇಂಗ್ಲಿಷಿನಲ್ಲಿ. ಹಾಗಾಗಿ ಪ್ರತಿಯೊಂದು ಹೊಸ ನಿಯಮವನ್ನು ಎರಡು ಸಾಲು ಕನ್ನಡದಲ್ಲಿ ಬರೆದಿಟ್ಟುಕೊಳ್ಳಲೇಬೇಕು, ಇಲ್ಲಾಂದ್ರೆ ರೈತರಿಗೆ ಹೇಳುವುದು ಹೇಗೆ ರೀ?

ಬ್ಯಾಂಕಿನಲ್ಲಿ ಬಿಗಿ ಮಾಡಿದ್ದಕ್ಕೆ ಕಾರಣ ಇದೆ. ರಿಸರ್ವ್ ಬ್ಯಾಂಕ್ 2016 ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಚೌಕಟ್ಟು ಕೊಟ್ಟಿತು. ಯಾವ ಸಾಫ್ಟ್‌ವೇರಿಗೆ ಅನುಮತಿ ಇದೆ, ಯಾವುದಕ್ಕಿಲ್ಲ ಅನ್ನುವ ಪಟ್ಟಿ ಇಟ್ಟಿರಬೇಕು ಅಂತ ಅದರಲ್ಲೇ ಇದೆ. ಪೆನ್‌ಡ್ರೈವಿನಂಥ ಸಾಧನಗಳಿಗೂ ಕಡಿವಾಣ ಇರಬೇಕು. ನಮ್ಮ ಮ್ಯಾನೇಜರು ಹುಡುಗಾಟಕ್ಕೆ ಮಾಡಿದ್ದಲ್ಲ.

ನಾನು ಮಾಡುವುದು ಹೇಳುತ್ತೇನೆ. ನೋಟ್‌ಪ್ಯಾಡ್ ತೆಗೆದು, ಹೊಸ ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕಿ, ಅದಕ್ಕೆ ಅಂಟಿಸಿ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಎಲ್ ಓ ಜಿ ಅಂತ ಹಾಕಿ ಸೇವ್ ಮಾಡಿರಿ. ಮುಚ್ಚಿ ಮತ್ತೆ ತೆಗೆಯಿರಿ. ಅವತ್ತಿನ ತಾರೀಖು, ವೇಳೆ ತಾನೇ ಕೊನೆಗೆ ಬಂದು ಕೂತಿರುತ್ತದೆ. ತೆಗೆದಾಗಲೆಲ್ಲ ಹೊಸ ತಾರೀಖು. ದಿನಚರಿ ಆಯಿತು. ನಡುವೆ ಎಲ್ಲಾದರೂ ವೇಳೆ ಬೇಕಿದ್ದರೆ ಎಫ್5 ಒತ್ತಿರಿ. ಭಾಳ ಹಳೆಯ ಸೌಕರ್ಯ, ಯಾರಿಗೂ ಗೊತ್ತಿಲ್ಲ. ಯಾವ ಐಟಿಯವರೂ ನೋಟ್‌ಪ್ಯಾಡ್ ಬ್ಲಾಕ್ ಮಾಡಿದ್ದು ನಾ ನೋಡಿಲ್ಲ.

ಹೊಸೂರು ಸಿಸ್ಟಮ್ಸ್

ಜತ್ತದಣ್ಣ, ಈ ಎಲ್ ಓ ಜಿ ಉಪಾಯ ನಮ್ಮ ಹುಡುಗರಿಗೇ ಗೊತ್ತಿಲ್ಲ. ನಾಳೆ ಹೇಳಿಕೊಡ್ತೀನಿ.

ಮಡಕಶಿರಾ ಡಿಟಿಪಿ

ಕನ್ನಡ ಟೈಪ್ ಮಾಡೋದು ಹೇಗೆ ಅನ್ನೋದನ್ನು ಯಾರೂ ಕೇಳಲೇ ಇಲ್ಲವಲ್ಲ? ನನ್ನ ಕಡೆ ಬರುವವರಿಗೆ ಅದೇ ಮೊದಲ ತೊಂದರೆ. ಆಫೀಸಿನ ಕಂಪ್ಯೂಟರಿನಲ್ಲಿ ನುಡಿ ಹಾಕಲು ಬಿಡಲ್ಲ, ಬರಹ ಹಾಕಲು ಬಿಡಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಇಡ್ತಾರೆ. ಆರು ತಿಂಗಳಾದ ಮೇಲೆ ಅವರಿಗೇ ಓದಲು ಬರಲ್ಲ.

ಏನೂ ಹಾಕಬೇಕಾಗಿಲ್ಲ. ಕನ್ನಡ ಕೀಬೋರ್ಡ್ ವಿಂಡೋಸಿನಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆ ಅನ್ನುವ ಕಡೆ ಹೋಗಿ ಕನ್ನಡ ಸೇರಿಸಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿಂದ ಕನ್ನಡಕ್ಕೆ ಬದಲಾಗುತ್ತೆ. ಮೊದಲಿನಿಂದ ಇದ್ದದ್ದು ಇನ್‌ಸ್ಕ್ರಿಪ್ಟ್, ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಕಲಿಯಲು ಒಂದೆರಡು ವಾರ ಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ, ವಿಂಡೋಸ್ 10 ಕ್ಕೆ 2019 ರ ಮೇ ಅಪ್‌ಡೇಟಿನಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ ಕೂಡ ಬಂತು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಅಂತ ಹೊಡೆದರೆ ಕನ್ನಡದಲ್ಲಿ ನಮ್ಮ ಅಂತ ಬರುತ್ತೆ. ಕೆಲವು ಆಫೀಸುಗಳಲ್ಲಿ ಸೆಟ್ಟಿಂಗ್ಸನ್ನೇ ಮುಚ್ಚಿಟ್ಟಿರ್ತಾರೆ, ಅಲ್ಲಿ ಐಟಿಯವರನ್ನೇ ಕೇಳಬೇಕು. ವಿಂಡೋಸಿನದೇ ಕೀಬೋರ್ಡ್ ಅಂತ ಒತ್ತಿ ಹೇಳಿ, ಒಪ್ತಾರೆ.

ಇನ್ನೊಂದು ಮಾತು, ಹಳೆ ನೋಟ್ಸ್ ಇರುವವರಿಗೆ. ಹಳೆ ನುಡಿ ಫಾಂಟಿನಲ್ಲಿ ಬರೆದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಚೆಲ್ಲಾಪಿಲ್ಲಿ ಕಾಣುತ್ತೆ. ಫೈಲು ಕೆಟ್ಟಿಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಫಾಂಟು ಇಲ್ಲದಿದ್ದರೆ ಕನ್ನಡವೂ ಇಲ್ಲ, ಹುಡುಕಿದರೂ ಸಿಗಲ್ಲ. ಯೂನಿಕೋಡಿಗೆ, ಅಂದರೆ ಯಾವ ಕನ್ನಡ ಫಾಂಟಿನಲ್ಲೂ ಕನ್ನಡವಾಗಿಯೇ ಕಾಣುವ ಪದ್ಧತಿಗೆ, ಬದಲಿಸಿಕೊಂಡು ಇಟ್ಟುಕೊಳ್ಳಿ. ಆದರೆ ಆಫೀಸಿನ ಬರಹವನ್ನು ಯಾವುದೋ ವೆಬ್‌ಸೈಟಿನ ಪರಿವರ್ತಕಕ್ಕೆ ಅಂಟಿಸಬೇಡಿ. ಅದೂ ಹೊರಗೆ ಕಳಿಸಿದ ಹಾಗೇ.

ಬದಿಯಡ್ಕ ಟೀಚರ್

ಡಿಟಿಪಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ವಿಂಡೋಸೇ ಇಲ್ಲ. ಕೇರಳದ ಸರಕಾರಿ ಶಾಲೆಗಳಿಗೆ ಶಾಲೆಗಳ ಐಟಿ ಕೆಲಸ ನೋಡಿಕೊಳ್ಳುವ ಕೈಟ್ ಸಂಸ್ಥೆಯವರು ಉಬುಂಟು ಆಧಾರದ ಲಿನಕ್ಸ್ ಕೊಟ್ಟಿದ್ದಾರೆ. ಅದರಲ್ಲೂ ಕನ್ನಡ ಕೀಬೋರ್ಡ್ ಉಂಟು. ನನ್ನ ಪಾಠದ ಟಿಪ್ಪಣಿಗಳೆಲ್ಲ ಸಾದಾ ಪಠ್ಯದ ಫೈಲುಗಳಲ್ಲಿವೆ. ಶಾಲೆಯ ಲಿನಕ್ಸಿನಲ್ಲಿ ಬರೆದದ್ದು ಮನೆಯ ವಿಂಡೋಸಿನಲ್ಲಿ ತೆರೆಯುತ್ತದೆ, ಫೋನಿನಲ್ಲೂ ತೆರೆಯುತ್ತದೆ. ಯಾವ ಆ್ಯಪಿನ ಹಂಗೂ ಇಲ್ಲ.

ನಮಗೆ ಸಾಫ್ಟ್‌ವೇರಿನ ಕಟ್ಟುಪಾಡು ಅಷ್ಟಿಲ್ಲ. ಆದರೆ ಮಕ್ಕಳ ಹೆಸರು, ಅಂಕ, ಮನೆಯ ಪರಿಸ್ಥಿತಿ ಇವನ್ನು ನಾನು ನನ್ನ ಟಿಪ್ಪಣಿಯಲ್ಲಿ ಬರೆಯುವುದಿಲ್ಲ. ಯಾರೂ ಬೇಡ ಅಂದದ್ದಲ್ಲ, ನನಗೇ ಸರಿ ಕಾಣುವುದಿಲ್ಲ.

ಮಂಜೇಶ್ವರ ಮಳೆ

ಟೀಚರ್, ಕನ್ನಡದಲ್ಲಿ ಬರೆದರೆ ಒಂದು ಲಾಭ ಉಂಟು ಅಲ್ವಾ? ನನ್ನ ಆಫೀಸು ಕೊಚ್ಚಿಯಲ್ಲಿ. ಟೀಮಿನಲ್ಲಿ ನಾನೊಬ್ಬನೇ ಕನ್ನಡದವ. ಬಾಸಿನ ಬಗ್ಗೆ ಏನು ಬರೆದರೂ ಅವರಿಗೆ ಜಿಲೇಬಿ ಕಂಡ ಹಾಗೆ ಕಾಣುತ್ತದೆ 😂

ಬದಿಯಡ್ಕ ಟೀಚರ್

ಬಾಸಿಗೂ ಫೋನ್ ಉಂಟು, ಅದರಲ್ಲಿ ಅನುವಾದ ಮಾಡುವ ಆ್ಯಪೂ ಉಂಟು. ಜಾಗ್ರತೆ.

ಅಕ್ಕಲಕೋಟೆ ವಕೀಲೆ

ಯಾರದ್ದು ಯಾವುದು ಅನ್ನುವ ಚರ್ಚೆ ಬಂದಿದೆ, ಹಾಗಾಗಿ ಒಂದೆರಡು ಮಾತು. ಇದನ್ನು ನಿಮ್ಮ ಪ್ರಕರಣಕ್ಕೆ ಕೊಟ್ಟ ಸಲಹೆ ಅಂತ ತಿಳಿಯಬೇಡಿ. ನೀವು ಸಹಿ ಹಾಕಿದ ಒಪ್ಪಂದ ತೆಗೆದು ಓದಿ, ಅದೇ ಮೊದಲು.

ಕೃತಿಸ್ವಾಮ್ಯ ಕಾಯ್ದೆ 1957 ರ 17ನೇ ಕಲಂ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಹಕ್ಕುದಾರರು ಕೆಲಸ ಕೊಟ್ಟವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಆಫೀಸಿಗಾಗಿ ಬರೆದ ನಿಮ್ಮ ನೋಟ್ಸ್ ಅದರ ಕೆಳಗೆ ಬರಬಹುದು. "ನಾನೇ ಟೈಪ್ ಮಾಡಿದ್ದು, ನಂದೇ" ಅಂದ್ರೆ ನಡೆಯುವುದಿಲ್ಲ. ಹಾಗೆಯೇ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ಡೇಟಾ ನಕಲು ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ರ 43ನೇ ಕಲಂನಲ್ಲಿ ಬರುತ್ತದೆ. ಮೋಸದ ಉದ್ದೇಶ ಇದ್ದರೆ 66ನೇ ಕಲಂ, ಅದು ಅಪರಾಧ.

ಇನ್ನೊಂದು ಬದಿಯೂ ಇದೆ. ನೀವು ಕೆಲಸ ಮಾಡುತ್ತ ಕಲಿತ ಕೈಚಳಕ, ಅನುಭವ ನಿಮ್ಮ ಜೊತೆ ಬರುತ್ತದೆ. ನಾಳೆ ಇನ್ನೊಂದು ಕಡೆ ಅದೇ ಕಸುಬು ಮಾಡಬಾರದು ಅಂತ ಕಟ್ಟಿಹಾಕುವ ಒಪ್ಪಂದವನ್ನು 1872 ರ ಕರಾರು ಕಾಯ್ದೆಯ 27ನೇ ಕಲಂ ಒಪ್ಪುವುದಿಲ್ಲ. ಡೇಟಾಬೇಸಿನಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್ ಭಾಷೆಯಲ್ಲಿ ನಿಧಾನವಾದ ಕ್ವೆರಿಯನ್ನು ಚುರುಕು ಮಾಡುವುದು ಹೇಗೆ ಅನ್ನುವುದು ನಿಮ್ಮದು. ಆ ಕಂಪೆನಿಯ ಟೇಬಲ್ಲಿನ ಹೆಸರು ನಿಮ್ಮದಲ್ಲ. ಬಸ್ಸಣ್ಣ ಹೇಳಿದ ಸ್ಲೇಟಿನ ಲೆಕ್ಕ ಸರಿಯಾಗಿದೆ.

ಕುಂಬಳೆ ಲೋಕಲ್

ಥ್ಯಾಂಕ್ಸ್ ಅಕ್ಕ. ಒಪ್ಪಂದ ತೆಗೆದು ನೋಡಿದೆ. ಕೆಲಸದ ಟಿಪ್ಪಣಿಗಳನ್ನು ಕಂಪೆನಿಯ ಹೊರಗೆ ಒಯ್ಯಬಾರದು ಅಂತ ಸ್ಪಷ್ಟವಾಗಿ ಉಂಟು. ಸಹಿ ಹಾಕುವಾಗ ಯಾರು ಅಷ್ಟೆಲ್ಲ ಓದುತ್ತಾರೆ!

ಹಾಗಾದರೆ ಟ್ರೈನಲ್ಲಿ ಓದುವ ಆಸೆ ಬಿಡಬೇಕಾ? ಮತ್ತೆ ಒನ್‌ನೋಟೇ ಗತಿಯಾ?

ಹೊಸೂರು ಸಿಸ್ಟಮ್ಸ್

ಬಿಡಬೇಕಾಗಿಲ್ಲ. ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಏನು ಅನುಮತಿ ಇದೆ ಅಂತ ನೋಡಿ. ಸಪೋರ್ಟ್ ಟೀಮ್ ಅಂದ್ರಿ. ಕೋಡ್ ಬರೆಯುವವರು ಬಳಸುವ ಎಡಿಟರ್ ವಿಎಸ್ ಕೋಡ್ ಇದೆಯಾ? ಇದ್ದರೆ ನಿಮ್ಮ ಕೆಲಸ ಮುಕ್ಕಾಲು ಆಯಿತು. ಫೋಲ್ಡರ್ ತೆರೆಯಿರಿ ಅನ್ನುವ ಕಡೆ ಹೋಗಿ ನಿಮ್ಮ ಹಳೆ ನೋಟ್ಸ್ ಫೋಲ್ಡರನ್ನೇ ತೆರೆಯಿರಿ. ಎಡಗಡೆ ಫೈಲುಗಳೆಲ್ಲ ಸಾಲಾಗಿ ಬರುತ್ತವೆ. ಕಂಟ್ರೋಲ್, ಶಿಫ್ಟ್ ಹಿಡಿದು ಎಫ್ ಒತ್ತಿದರೆ ಎಲ್ಲ ಫೈಲುಗಳಲ್ಲೂ ಒಟ್ಟಿಗೆ ಹುಡುಕಬಹುದು, ಕನ್ನಡ ಪದವನ್ನೂ. ಕಂಟ್ರೋಲ್, ಶಿಫ್ಟ್ ಹಿಡಿದು ವಿ ಒತ್ತಿದರೆ ಮಾರ್ಕ್‌ಡೌನ್ ಫೈಲು ಅಂದವಾಗಿ ಕಾಣುತ್ತದೆ. ಇದಕ್ಕೆ ಎಕ್ಸ್‌ಟೆನ್ಷನ್ ಬೇಡ, ಅದರಲ್ಲೇ ಇದೆ. ಅಬ್ಸಿಡಿಯನ್‌ನ ಚೌಕ ಕಂಸದ ಕೊಂಡಿಗಳು ಮಾತ್ರ ಒತ್ತಿದರೆ ಹೋಗಲ್ಲ.

ಪೋರ್ಟಬಲ್ ಆವೃತ್ತಿ ತಂದು ಓಡಿಸಿದರೆ ಆಗುತ್ತಾ ಅಂತ ಮುಂದೆ ಯಾರೋ ಕೇಳೇ ಕೇಳ್ತೀರಿ, ಅದನ್ನೂ ಹೇಳಿಬಿಡ್ತೀನಿ. ಜೋಪ್ಲಿನ್ ಅನ್ನುವ ನೋಟ್ಸ್ ಆ್ಯಪಿಗೆ ಪೋರ್ಟಬಲ್ ಆವೃತ್ತಿ ಇದೆ, ಇನ್‌ಸ್ಟಾಲ್ ಬೇಡ, ಅಡ್ಮಿನ್ ಪಾಸ್‌ವರ್ಡ್ ಬೇಡ. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನು ತಡೆಯುವ ಆ್ಯಪ್‌ಲಾಕರ್‌ನಂಥ ವ್ಯವಸ್ಥೆ ಇರುವ ಕಡೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಿಂದ ಯಾವ ಪ್ರೋಗ್ರಾಮೂ ಓಡಲ್ಲ. ಓಡಿಸಲು ನೋಡಿದ್ದು ಮಾತ್ರ ಲಾಗ್‌ನಲ್ಲಿ ಉಳಿಯುತ್ತೆ. ಟಿಡ್ಲಿವಿಕಿ ಅಂತ ಇನ್ನೊಂದಿದೆ. ಇಡೀ ನೋಟ್‌ಬುಕ್ಕೇ ಒಂದು ಎಚ್‌ಟಿಎಂಎಲ್ ಫೈಲು, ಬ್ರೌಸರಿನಲ್ಲಿ ತೆರೆಯುತ್ತದೆ. 2004 ರಿಂದ ಇದೆ. ಅದು ಪ್ರೋಗ್ರಾಮ್ ಅಲ್ಲ, ಹಾಗಾಗಿ ಬ್ಲಾಕ್ ಆಗಲ್ಲ. ತಾಂತ್ರಿಕವಾಗಿ ಸರಿ. ಆದರೆ ನನ್ನ ಮಾತು ಕೇಳಿ, ಅದನ್ನೂ ಕೇಳಿಯೇ ಬಳಸಿ. ಕಿಟಕಿಯಿಂದ ಒಳಗೆ ಬರುವವರನ್ನು ಒಮ್ಮೆ ನೋಡಿದರೆ ನಾವು ಎಲ್ಲ ಕಿಟಕಿಗೂ ಗ್ರಿಲ್ ಹಾಕ್ತೀವಿ.

ಮಂಜೇಶ್ವರ ಮಳೆ

ಕೇಳಿದರೆ ಕೊಡ್ತಾರಾ? ನಾನು ಕೇಳಿದ್ದಕ್ಕೆ "ಪಾಲಿಸಿ ಇಲ್ಲ" ಅಂತ ಒಂದೇ ಸಾಲು ಬಂತು.

ಹೊಸೂರು ಸಿಸ್ಟಮ್ಸ್

ಹೇಗೆ ಕೇಳಿದ್ರಿ ಅನ್ನೋದು ಮುಖ್ಯ. ನನಗೆ ಬರುವ ಮನವಿಗಳಲ್ಲಿ ಹತ್ತಕ್ಕೆ ಒಂಬತ್ತು "ದಯವಿಟ್ಟು ಈ ಆ್ಯಪ್ ಹಾಕಿಕೊಡಿ, ತುಂಬ ಚೆನ್ನಾಗಿದೆ" ಅಂತಿರುತ್ತೆ. ಇದರಲ್ಲಿ ನಾನು ಏನು ನೋಡಲಿ?

ಆ್ಯಪಿನ ಹೆಸರು, ಮಾಡಿದವರು ಯಾರು, ಯಾವ ಆವೃತ್ತಿ ಅಂತ ಬರೆಯಿರಿ. ಡೇಟಾ ಎಲ್ಲಿ ಕೂರುತ್ತೆ ಅಂತ ಬರೆಯಿರಿ. ಸಿಂಕ್ ಬಳಸಲ್ಲ, ಕಮ್ಯುನಿಟಿ ಪ್ಲಗಿನ್ ಬಳಸಲ್ಲ ಅಂತ ನೀವೇ ಬರೆದುಕೊಡಿ. ಲೈಸೆನ್ಸ್ ವಿಷಯ ಕೂಡ. ಅಬ್ಸಿಡಿಯನ್ ಮೊದಲು ಕಂಪೆನಿ ಕೆಲಸಕ್ಕೆ ಒಬ್ಬರಿಗೆ ವರ್ಷಕ್ಕೆ 50 ಡಾಲರ್ ಕೇಳುತ್ತಿತ್ತು. 2025 ರ ಫೆಬ್ರವರಿಯಿಂದ ಆ ಕಡ್ಡಾಯ ತೆಗೆದಿದ್ದಾರೆ, ಕೊಡಬೇಕೆನಿಸಿದವರು ಕೊಡಬಹುದು. ಇದು ಎಷ್ಟೋ ಐಟಿ ವಿಭಾಗದವರಿಗೆ ಗೊತ್ತಿಲ್ಲ, ಹಳೆ ಲೈಸೆನ್ಸ್ ನೋಡಿಯೇ ಬೇಡ ಅಂತಾರೆ. ಅಬ್ಸಿಡಿಯನ್ ಮುಕ್ತ ತಂತ್ರಾಂಶ ಅಲ್ಲ, ಜೋಪ್ಲಿನ್ ಮತ್ತು ಲಾಗ್‌ಸೀಕ್ ಅನ್ನುವ ಇನ್ನೊಂದು ನೋಟ್ಸ್ ಆ್ಯಪಿನ ಮೂಲ ಕೋಡ್ ಯಾರು ಬೇಕಾದರೂ ನೋಡಬಹುದು. ಕೆಲವು ಕಡೆ ಅದು ಲೆಕ್ಕಕ್ಕೆ ಬರುತ್ತೆ.

ಮತ್ತೆ ಕೊನೆಯದಾಗಿ, ಈಗಿರುವ ಸಲಕರಣೆಯಲ್ಲಿ ಯಾವ ಕೆಲಸ ಆಗುತ್ತಿಲ್ಲ ಅಂತ ಒಂದು ಉದಾಹರಣೆ. "ಒನ್‌ನೋಟ್ ಇಷ್ಟ ಇಲ್ಲ" ಅಂದರೆ ನಡೆಯಲ್ಲ. "ರಾತ್ರಿ ಪಾಳಿಯವನಿಗೆ ನಾನು ಬರೆದ ಪರಿಹಾರ ಸಾದಾ ಫೈಲಾಗಿ ಬೇಕು, ಫೈಲಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಸೇರಿಸಬೇಕು" ಅಂದರೆ ನಾನು ಕಿವಿ ಕೊಡ್ತೀನಿ. ಮ್ಯಾನೇಜರನ್ನು ಇಮೇಲಿನಲ್ಲಿ ಸೇರಿಸಿಕೊಳ್ಳಿ.

ಜತ್ತದ ಕ್ಯಾಶ್ ಕೌಂಟರ್

ಒನ್‌ನೋಟನ್ನು ಅಷ್ಟು ಕಡೆಗಣಿಸಬ್ಯಾಡ್ರಿ. ನಮ್ಮ ರೀಜನಲ್ ಆಫೀಸಿನಲ್ಲಿ ಎಲ್ಲರದೂ ಅದರಲ್ಲೇ. ಒಬ್ಬರು ವರ್ಗ ಆಗಿ ಹೋದರೆ ಮುಂದೆ ಬಂದವರಿಗೆ ಅವರ ಟಿಪ್ಪಣಿ ಸಿಗುತ್ತದೆ. ನಮ್ಮಂಥ ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರಿಗೆ ಅದು ಸಣ್ಣ ಉಪಕಾರ ಅಲ್ಲ. ನಾವು ನಮ್ಮ ಅನುಕೂಲ ಅಷ್ಟೇ ನೋಡಿದರೆ ಹೇಗೆ?

ಹೊಸೂರು ಸಿಸ್ಟಮ್ಸ್

ನಿಜ ಅಣ್ಣ. ಒಂದೇ ಎಚ್ಚರ. ಆಫೀಸಿನ ಖಾತೆ ಅಳಿಸಿದ ಮೇಲೆ ಅದರ ಒನ್‌ಡ್ರೈವ್, ಅಂದರೆ ಆ ಖಾತೆಯ ಫೈಲುಗಳಿರುವ ಕ್ಲೌಡ್ ಜಾಗ, ಉಳಿಯುವುದು ಸಾಮಾನ್ಯವಾಗಿ 30 ದಿನ, ಅಡ್ಮಿನ್ ಬದಲಿಸದೆ ಇದ್ದರೆ. ಅದರೊಳಗೆ ಯಾರೂ ತೆಗೆದಿಡದಿದ್ದರೆ ಹೋಯಿತು. ಟೀಮಿಗೆ ಬೇಕಾದ್ದನ್ನು ಟೀಮಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಸ್ವಂತ ಹೆಸರಿನದರಲ್ಲಿ ಅಲ್ಲ.

ತಾಳವಾಡಿ ಗುಡ್ಡ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಎಲ್ಲರೂ ಆ್ಯಪ್ ಅಂತಿದ್ದೀರಿ, ಅದರೊಳಗೆ ಬಂದು ಕೂತಿರುವ ಎಐ ಬಗ್ಗೆ ಯಾರೂ ಹೇಳಲಿಲ್ಲ. ನೋಷನ್ ಇರಲಿ, ಎವರ್‌ನೋಟ್ ಇರಲಿ, ಈಗ ಒಂದು ಬಟನ್ ಒತ್ತಿದರೆ ಮೀಟಿಂಗ್ ಸಾರಾಂಶ ಬರೆದುಕೊಡುತ್ತೆ. ಸಾರಾಂಶ ಬರೆಯಲು ನಿಮ್ಮ ಪಠ್ಯ ಹೊರಗಿನ ಸರ್ವರಿಗೆ ಹೋಗಲೇಬೇಕಲ್ಲ. 2023 ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಕೋಡನ್ನು ಚಾಟ್‌ಜಿಪಿಟಿಗೆ ಅಂಟಿಸಿದ್ದು ಗೊತ್ತಾಗಿ ಆ ಕಂಪೆನಿ ಅಂಥ ಸಲಕರಣೆಗಳನ್ನೇ ನಿರ್ಬಂಧಿಸಿತು. ನಮ್ಮ ಕೇಂದ್ರ ಹಣಕಾಸು ಸಚಿವಾಲಯ ಕೂಡ 2025 ರ ಜನವರಿಯಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಅಂತ ನೌಕರರಿಗೆ ಹೇಳಿತು. ಅದಕ್ಕೂ ಮೊದಲು, 2022 ರಲ್ಲಿ ಸರಕಾರಿ ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಎನ್‌ಐಸಿ ಸರಕಾರಿ ನೌಕರರಿಗೆ ಕೊಟ್ಟ ಸೂಚನೆಯಲ್ಲಿ ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗೆ ಸರಕಾರಿ ಕಡತ ಹಾಕಬೇಡಿ, ಕ್ಯಾಮ್‌ಸ್ಕ್ಯಾನರ್‌ನಂಥ ಆ್ಯಪಿನಲ್ಲಿ ಸ್ಕ್ಯಾನ್ ಮಾಡಬೇಡಿ ಅಂತಿತ್ತು.

ನನ್ನ ತಮ್ಮ ಒಂದು ಸರಕಾರಿ ಕಚೇರಿಯಲ್ಲಿ ಇದ್ದಾನೆ. ಕಡತದ ಫೋಟೋ ವಾಟ್ಸಾಪ್‌ನಲ್ಲಿ ಓಡಾಡೋದು ನಿಂತಿಲ್ಲ, ಅದು ಬೇರೆ ಮಾತು.

ಅಕ್ಕಲಕೋಟೆ ವಕೀಲೆ

ಒಳ್ಳೆಯ ಮಾತು. 2023 ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿ ಕಾಪಾಡಲು ಸರಿಯಾದ ಭದ್ರತೆ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ದಂಡ ಸಂಸ್ಥೆಗೆ, ನಿಮಗಲ್ಲ. ಆದರೆ ಆ ಸಂಖ್ಯೆ ನೋಡಿದ ಮೇಲೆ ಯಾವ ಮ್ಯಾನೇಜರೂ "ಹೂಂ, ಹಾಕಿಕೊಳ್ಳಿ" ಅನ್ನುವುದಿಲ್ಲ.

ಅತ್ತಿಬೆಲೆ ಬಸ್ಸು

ಕುಂಬಳೆಯಣ್ಣ, ಬೇರೆ ಮಾಡುವುದು ಹೇಗೆ ಅಂತ ಕೇಳಿದ್ರಲ್ಲ. ನಾನಾಗಿದ್ರೆ ಹಳೆಯದನ್ನು ಮುಟ್ಟಲ್ಲ. ಅದು ಆಫೀಸಿನ ಲ್ಯಾಪ್‌ಟಾಪಲ್ಲೇ ಇರಲಿ. ಇವತ್ತಿಂದ ಎರಡು ಜಾಗ. ಆಫೀಸಿನದ್ದು ಆಫೀಸಿನಲ್ಲಿ. ಸ್ವಂತದ್ದನ್ನು ಸಂಜೆ ಟ್ರೈನಲ್ಲಿ ಕೂತು ನೆನಪಿನಿಂದ ಬರೆಯಿರಿ, ನಕಲು ಬೇಡ. ನೆನಪಿನಲ್ಲಿ ಉಳಿದದ್ದಷ್ಟೇ ಬರುತ್ತೆ, ಸರ್ವರಿನ ಹೆಸರು ನೆನಪಿಗೇ ಬರಲ್ಲ. ತಾನಾಗೇ ಸೋಸಿದ ಹಾಗಾಯ್ತು.

ಕುಂಬಳೆ ಲೋಕಲ್

ಎಲ್ಲರಿಗೂ ಒಂದು ಅಪ್‌ಡೇಟ್. ಹೊಸೂರು ಸಾರ್ ಹೇಳಿದ ಹಾಗೆಯೇ ಮನವಿ ಬರೆದು, ಮ್ಯಾನೇಜರನ್ನೂ ಸೇರಿಸಿ ಕಳಿಸಿದೆ. ಅಬ್ಸಿಡಿಯನ್‌ಗೆ ಈಗ ಇಲ್ಲ ಅಂದರು. ಪ್ಲಗಿನ್ ಮುಚ್ಚಿಡುವ ಕ್ರಮ ನೋಡಿ ಆಮೇಲೆ ಹೇಳುತ್ತಾರಂತೆ. ಆದರೆ ವಿಎಸ್ ಕೋಡ್ ನಮ್ಮ ಟೀಮಿಗೆ ಮೊದಲೇ ಉಂಟು, ಅದರಲ್ಲಿ ನೋಟ್ಸ್ ಫೋಲ್ಡರ್ ತೆರೆಯಲು ತಕರಾರಿಲ್ಲ ಅಂತ ಲಿಖಿತವಾಗಿಯೇ ಬರೆದು ಕೊಟ್ಟಿದ್ದಾರೆ. ಫೋಲ್ಡರ್ ಆಫೀಸಿನ ಒನ್‌ಡ್ರೈವಿನೊಳಗೆ ಇರಬೇಕು ಅಂತ ಷರತ್ತು.

ಫೋನಿಗೆ ಆಫೀಸಿನ ವರ್ಕ್ ಪ್ರೊಫೈಲ್ ಹಾಕಿಸಿಕೊಂಡರೆ ಟ್ರೈನಲ್ಲೂ ಆ ಫೋಲ್ಡರ್ ನೋಡಬಹುದಂತೆ. ಆಗ ನನ್ನ ಸ್ವಂತ ಫೋಟೋ, ವಾಟ್ಸಾಪ್ ಎಲ್ಲ ಅವರಿಗೆ ಕಾಣುತ್ತದಾ? ಅದೊಂದೇ ಹೆದರಿಕೆ.

ಹೊಸೂರು ಸಿಸ್ಟಮ್ಸ್

ಕಾಣಲ್ಲ. ಆಂಡ್ರಾಯ್ಡಿನ ವರ್ಕ್ ಪ್ರೊಫೈಲ್ ಅಂದರೆ ಒಂದೇ ಫೋನಿನಲ್ಲಿ ಎರಡು ಮನೆ, ನಡುವೆ ಗೋಡೆ. ಆಫೀಸಿನ ಆ್ಯಪುಗಳ ಮೇಲೆ ಸಣ್ಣ ಬ್ರೀಫ್‌ಕೇಸ್ ಗುರುತು ಇರುತ್ತೆ. ಅಡ್ಮಿನ್‌ಗೆ ಆ ಬದಿ ಮಾತ್ರ. ನೀವು ಕೆಲಸ ಬಿಟ್ಟಾಗ ಅವರು ಆ ಬದಿಯನ್ನಷ್ಟೇ ಅಳಿಸ್ತಾರೆ. ಅಲ್ಲಿಂದ ನಿಮ್ಮ ಬದಿಗೆ ಕಾಪಿ ಮಾಡೋದನ್ನು ತಡೆದಿರಬಹುದು, ಆಗ ಆ್ಯಪ್ ಕೆಟ್ಟಿದೆ ಅಂತ ಟಿಕೆಟ್ ಹಾಕಬೇಡಿ. ಹಾಕಿಸಿಕೊಳ್ಳುವ ಮೊದಲು ಒಂದು ಕೇಳಿಕೊಳ್ಳಿ, ವರ್ಕ್ ಪ್ರೊಫೈಲ್ ಮಾತ್ರವಾ ಅಥವಾ ಇಡೀ ಫೋನನ್ನೇ ಅವರ ಹಿಡಿತಕ್ಕೆ ತೆಗೆದುಕೊಳ್ತಾರಾ ಅಂತ. ಎರಡನೇದಾದರೆ ನಿಮ್ಮ ಸ್ವಂತ ಫೋನ್ ಕೊಡಬೇಡಿ, ಆಫೀಸಿನವರ ಫೋನ್ ಕೇಳಿ.

ಕುಂಬಳೆ ಲೋಕಲ್

ಪ್ರೊಫೈಲ್ ಮಾತ್ರ ಅಂತ ಹೇಳಿದ್ದಾರೆ. ನಾಳೆ ಲಿಖಿತವಾಗಿ ಕೇಳುತ್ತೇನೆ. ಸ್ವಂತ ನೋಟ್ಸಿಗೆ ಫೋನಿನ ನನ್ನ ಬದಿಯಲ್ಲಿ ಬೇರೆ ಫೋಲ್ಡರ್ ಮಾಡಿ ಆಯ್ತು.

ಜತ್ತದ ಕ್ಯಾಶ್ ಕೌಂಟರ್

ಅದರ ಮೊದಲ ಸಾಲಿನಲ್ಲಿ ಎಲ್ ಓ ಜಿ ಹಾಕಿದಿರೇನು?

ಕುಂಬಳೆ ಲೋಕಲ್

ಅಣ್ಣ, ಅದು ನೋಟ್‌ಪ್ಯಾಡಿನಲ್ಲಿ ಮಾತ್ರ ಅಲ್ವಾ? ಫೋನಿನಲ್ಲಿ ತಾರೀಖು ನಾನೇ ಬರೆಯಬೇಕು.